ದಿವಾನ ಪತ್ತೆ ಹಚ್ಚಿದ ಅತ್ತೆ

ವಲಸೆ ಮಸೂದೆಯ ಚರ್ಚೆ ಶುರುವಾದ ದಿನ ಶಾಸನಸಭೆಯ ಅಂಗಳದಲ್ಲಿ ನೆಟ್ಟ ಸಸಿ, ಚರ್ಚೆ ಅರ್ಧ ದಾರಿಗೆ ಬರುವಷ್ಟರಲ್ಲಿ ಹೆಮ್ಮರವಾಗಿ, ಅದರ ನೆರಳಿನಲ್ಲಿ ವರದಿಗಾರರು ಗೊರಕೆ ಹೊಡೆಯುತ್ತಿದ್ದರು. ಬ್ರಹ್ಮಚಾರಿಯಾಗಿ ಮಾತಿಗೆ ಎದ್ದ ಸದಸ್ಯರೊಬ್ಬರು ಮಾತು ಮುಗಿಸಿ ಕೂರುವಾಗ ತಾತ ಆಗಿದ್ದರು. ಇದರಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ. ಬೇಕಾದರೆ ಆ ಮೊಮ್ಮಗನನ್ನೇ ಕೇಳಬಹುದು.

ಸಭೆಯಲ್ಲಿ ಎರಡು ಪಂಗಡ. ಬೇಲಿಯವರು, ಬಾಗಿಲಿನವರು. ಗಡಿಗೆ ಇನ್ನೂ ಎತ್ತರದ ಬೇಲಿ ಬೇಕು, ಬೇಲಿಗೆ ದೀಪ ಬೇಕು, ದೀಪದ ಕೆಳಗೆ ನಾಯಿ ಬೇಕು, ಕಾಗದವಿಲ್ಲದೆ ನುಗ್ಗಿದವರನ್ನು ಬಂದ ದಾರಿಯಲ್ಲೇ ಅಟ್ಟಬೇಕು ಎಂದು ಬೇಲಿಯವರು. ಬಂದವರು ಬಂದಾಯಿತು, ಬೇರು ಬಿಟ್ಟಾಯಿತು, ಕಾಗದ ಕೊಟ್ಟು ಕೈ ತೊಳೆದುಕೊಳ್ಳೋಣ ಎಂದು ಬಾಗಿಲಿನವರು. ಇಬ್ಬರೂ ಒಮ್ಮತದಿಂದ ಒಪ್ಪಿದ್ದ ಒಂದೇ ವಿಷಯವೆಂದರೆ ಊಟದ ವಿರಾಮ.

ಈ ಜಗಳದ ಬಿಸಿ ದೇಶದ ಬೇರೆ ಯಾವ ಮನೆಗೆ ತಟ್ಟಿತೋ ಇಲ್ಲವೋ, ಗಡಿ ಊರಿನ ನಾಯಿ ಮೇಷ್ಟ್ರ ಮನೆಗಂತೂ ಚೆನ್ನಾಗಿಯೇ ತಟ್ಟಿತು. ಲಾರಿಗಳಲ್ಲಿ ಅಡಗಿ ಗಡಿ ದಾಟುವವರನ್ನು ಮೂಸಿ ಹಿಡಿಯುವ ವಿದ್ಯೆಯನ್ನು ನಾಯಿಗಳಿಗೆ ಕಲಿಸುವ ಸರ್ಕಾರಿ ಶಾಲೆಗೆ ಅವರೇ ಮೇಷ್ಟ್ರು. ಅವರ ಕೈಯಲ್ಲಿ ಪಳಗಿದ ನಾಯಿಗಳ ಮೂಗು ಎಂಥದ್ದೆಂದರೆ, ಲಾರಿಯ ಚಕ್ರ ಮೂಸಿ ಡ್ರೈವರು ಹೋದ ವಾರ ಹೆಂಡತಿಗೆ ಎಷ್ಟು ಸುಳ್ಳು ಹೇಳಿದ್ದಾನೆಂದು ಲೆಕ್ಕ ಕೊಡುತ್ತಿದ್ದವು. ಅವುಗಳಲ್ಲೆಲ್ಲ ಕಿರೀಟಪ್ರಾಯ ದಿವಾನ. ಕಂದು ಮೈ, ಮಡಚಿದ ಕಿವಿ, ಪಿಂಚಣಿಗೆ ಹತ್ತಿರ ಬಂದ ಅಧಿಕಾರಿಯ ಗಾಂಭೀರ್ಯ.

ಇಂಥ ಮೇಷ್ಟ್ರ ಮನೆಯಲ್ಲೇ ಕಾಗದವಿಲ್ಲದ ಒಂದು ಜೀವ ಇತ್ತು. ಅವರ ಅತ್ತೆ.

ಅತ್ತೆ ಮಗಳ ಬಾಣಂತನಕ್ಕೆಂದು ಈರುಳ್ಳಿ ಲಾರಿಯಲ್ಲಿ ಮಲಗಿ ಗಡಿ ದಾಟಿ ಬಂದವರು. ಕಾಗದಕ್ಕೆ ಅರ್ಜಿ ಹಾಕಿ ಕಾದಿದ್ದರೆ ಹುಟ್ಟಿದ ಮಗುವೇ ಬೆಳೆದು, ಹೋಗಿ, ಅಜ್ಜಿಯನ್ನು ಕರೆದುಕೊಂಡು ಬರಬೇಕಾಗುತ್ತಿತ್ತು. ಆ ಮಗುವಿಗೆ ಈಗ ಮೀಸೆ ಬಂದಿದೆ, ಬೇರೆ ಊರಿನಲ್ಲಿ ಕೆಲಸಕ್ಕಿದ್ದಾನೆ. ಅತ್ತೆ ಇನ್ನೂ ಬಾಣಂತನದ ರಜೆಯಲ್ಲೇ ಇದ್ದರು. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಗಾದೆ. ಮೇಷ್ಟ್ರ ಮನೆಯಲ್ಲಿ ಆ ಕತ್ತಲೆಗೆ ಬಾಯಿಯೂ ಇತ್ತು.

ಅದೂ ಸಾಲದೆ ಆಕೆ ಶಾಲೆಯ ಕೆಲಸಕ್ಕೂ ಇಳಿದಿದ್ದರು. ನಾಯಿಗೆ ಪಾಠ ಹೇಳಲು ಅಡಗಿ ಕೂರುವವರೊಬ್ಬರು ಬೇಕು. ಅವರು ಪೆಟ್ಟಿಗೆಯೊಳಗೆ ಉಸಿರು ಬಿಗಿಹಿಡಿದು ಕೂರಬೇಕು. ನಾಯಿ ಮೂಸಿ, ಎದುರು ಕೂತು ಬೊಗಳಬೇಕು. ಅವರು ಎದ್ದು ರಬ್ಬರ್ ಚೆಂಡು ಎಸೆದು ಭಲೇ ಅನ್ನಬೇಕು. ಮೊದಲು ಪೊಲೀಸರೇ ಅಡಗುತ್ತಿದ್ದರು. ಅದರಿಂದ ನಾಯಿಗಳು ಕಲಿತದ್ದು ಬೂಟ್ ಪಾಲಿಶ್ ವಾಸನೆಯನ್ನು. ಗಡಿಯಲ್ಲಿ ನಿಲ್ಲಿಸಿದಾಗ ಒಂದು ಇಡೀ ಊರನ್ನೇ ಹೊತ್ತ ಲಾರಿಯನ್ನು ಬಾಲ ಅಲ್ಲಾಡಿಸಿ ಬೀಳ್ಕೊಟ್ಟು, ಮೇಲಧಿಕಾರಿಯ ಕಾಲ ಬಳಿ ಕೂತು ಗಂಟಲು ಹರಿಯುವಂತೆ ಬೊಗಳಿದವು. ಪಾಲಿಶ್ ಮುಟ್ಟದ ಮನುಷ್ಯರು ಬೇಕೆಂದು ಮೇಷ್ಟ್ರು ಊರೆಲ್ಲ ಹುಡುಕಿದರು. ಈರುಳ್ಳಿ ಮೂಟೆಗಳ ನಡುವೆ ಮಲಗಲು ಯಾರೂ ಒಪ್ಪಲಿಲ್ಲ.

"ಅದಕ್ಕೇನ್ ಅಳಿಯಂದ್ರೇ, ನಾನು ಮಲಗ್ತೀನಿ," ಎಂದರು ಅತ್ತೆ. "ನಂಗೇನು ಹೊಸದಾ?"

ಅಂದಿನಿಂದ ಆ ಶಾಲೆಯಲ್ಲಿ ಕಲಿತ ನಾಯಿಗಳೆಲ್ಲ ಅತ್ತೆಯನ್ನು ಹುಡುಕಿಯೇ ಪಾಸಾದವು. ಯಾರಿವರು ಎಂದು ಮೇಲಧಿಕಾರಿ ಕೇಳಲಿಲ್ಲ, ಮೇಷ್ಟ್ರು ಹೇಳಲಿಲ್ಲ. ಸರ್ಕಾರ ನಡೆಯುವುದೇ ಹಾಗೆ.

ಹೀಗಿರುವಾಗ ಮಸೂದೆ ನಾಯಿಗಳ ಕಲಮಿಗೆ ಬಂದು ಸಿಕ್ಕಿಹಾಕಿಕೊಂಡಿತು. ನಮ್ಮ ನಾಯಿಗಳ ಮೂಗಿಗೆ ಸುಳ್ಳಿಲ್ಲ ಎಂದರು ಬೇಲಿಯವರು. ನಾಯಿಯ ಮೂಗು ನಂಬಿ ಮನುಷ್ಯರನ್ನು ಅಟ್ಟುವುದೇ ಎಂದರು ಬಾಗಿಲಿನವರು. ಸರಿ, ಕಣ್ಣಾರೆ ನೋಡಿಬಿಡೋಣ ಎಂದು ಎರಡೂ ಪಂಗಡದ ಸಮಿತಿಯೊಂದು ಗಡಿ ಊರಿಗೆ ಹೊರಟಿತು. ಅಧ್ಯಕ್ಷೆ ಬೇಲಿಯವರ ಮುಖಂಡೆ. ಆಕೆಯ ದನಿಗೆ ಸಭೆಯ ಗಾಜುಗಳು ತಾವೇ ಬಿರುಕು ಬಿಟ್ಟು ಜಾಗ ಕೊಡುತ್ತಿದ್ದವು. ಜೊತೆಗೆ ಬಾಗಿಲಿನವರ ಮುಖಂಡ, ಕೊಡೆಗಿಂತ ತೆಳ್ಳಗಿನ ಮನುಷ್ಯ.

ಬೆಳಿಗ್ಗೆ ಅಡುಗೆಮನೆಯಲ್ಲಿ ಮೇಷ್ಟ್ರು ಚಹಾದ ಲೋಟ ಕೆಳಗಿಟ್ಟರು.

"ಅತ್ತೆ, ಇವತ್ತು ನೀವು ಶಾಲೆ ಕಡೆ ತಲೆ ಹಾಕ್ಬೇಡಿ."

"ಮತ್ತೆ ಯಾರು ಅಡಗೋದು?"

"ಉಗ್ರಾಣದ ಗುಮಾಸ್ತ. ಬರಿಗಾಲಲ್ಲಿ ಬಾ ಅಂದಿದೀನಿ, ಸೋಪೂ ಹಾಕ್ಬೇಡ ಅಂದಿದೀನಿ."

"ಆ ಗುಮಾಸ್ತಾನಾ? ಒಂದು ಸೀನು ತಡ್ಕೊಳ್ಳಕ್ಕಾಗಲ್ಲ ಅವನಿಗೆ. ಪೆಟ್ಟಿಗೇಲಿ ಕೂರೋದು ಅಂದ್ರೆ ಏನು, ಬಸ್ ಸ್ಟ್ಯಾಂಡಲ್ಲಿ ಕೂತಂಗಾ?"

"ಅಮ್ಮ, ಸುಮ್ನಿರು," ಎಂದಳು ಮಗಳು. "ಬರ್ತಿರೋರು ಕಾನೂನು ಮಾಡೋರು. ನಿನ್ನ ಕಾಗದ ಕೇಳಿದ್ರೆ ಏನ್ ತೋರಿಸ್ತೀಯಾ? ಸಂಜೆ ಒಳಗೆ ಬೇಲಿ ಆಚೆ ಇರ್ತೀಯಾ ನೀನು. ಆಮೇಲೆ ನಾನು ತಂತಿಯ ತೂತಲ್ಲಿ ಬೆರಳು ಹಾಕಿ ನಿನ್ನ ಮಾತಾಡಿಸ್ಬೇಕು."

ಅತ್ತೆ ಬಾಯಿ ತೆರೆದು ಮುಚ್ಚಿದರು. ಅವರ ಆಯಸ್ಸಿನಲ್ಲಿ ಅಂಥದ್ದು ಅದೇ ಮೊದಲು.

"ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು," ಎಂದು ಮೇಷ್ಟ್ರು ತಮಗೆ ತಾವೇ ಸಮಾಧಾನ ಹೇಳಿಕೊಂಡು ಹೊರಟರು. "ಇವತ್ತೊಂದು ದಿನ ಮನೇಲಿರಿ, ಅಷ್ಟೇ."

ಶಾಲೆಯ ಅಂಗಳದಲ್ಲಿ ಲಾರಿಗಳು ಸಾಲಾಗಿ ನಿಂತಿದ್ದವು. ಅದರಲ್ಲೊಂದರೊಳಗಿನ ಪೆಟ್ಟಿಗೆಯಲ್ಲಿ ಗುಮಾಸ್ತ ಬರಿಗಾಲಿನಲ್ಲಿ ಕೂತಿದ್ದ. ಸಮಿತಿಯವರು ಕುರ್ಚಿ ಬಿಟ್ಟು ನಿಂತೇ ನೋಡಿದರು. ಟಿವಿಯವರು ಒಬ್ಬರ ಹೆಗಲ ಮೇಲೊಬ್ಬರು ಹತ್ತಿದ್ದರು. ಮೇಲಧಿಕಾರಿ ಎದೆ ಉಬ್ಬಿಸಿದ ರಭಸಕ್ಕೆ ಅಂಗಿಯ ಗುಂಡಿ ಹಾರಿ ಗಡಿ ದಾಟಿ ಬಿತ್ತು.

"ಹುಡುಕು ದಿವಾನ!"

ದಿವಾನ ಗುಮಾಸ್ತನಿದ್ದ ಪೆಟ್ಟಿಗೆಯ ಹತ್ತಿರ ಹೋದ. ಮೂಸಿದ. ಕಾಲೆತ್ತಿದ. ಮಾಡಬೇಕಾದ್ದು ಮಾಡಿದ. ಪೆಟ್ಟಿಗೆ "ಅಯ್ಯಯ್ಯೋ" ಅಂದಿತು. ಬಾಗಿಲಿನ ಮುಖಂಡರು ಕೊಡೆಯಂತೆಯೇ ಅರಳಿದರು.

ಆದರೆ ದಿವಾನ ನಿಲ್ಲಲಿಲ್ಲ. ತಲೆ ಎತ್ತಿ ಗಾಳಿ ಹೀರಿದ. ಹಗ್ಗ ಹಿಡಿದಿದ್ದ ಮೇಷ್ಟ್ರನ್ನು ಗಾಳಿಪಟದಂತೆ ಎಳೆದುಕೊಂಡು ಗೇಟು ದಾಟಿದ. ಹಿಂದೆ ಮೇಲಧಿಕಾರಿ, ಅವರ ಹಿಂದೆ ಅಧ್ಯಕ್ಷೆ, ಅವರ ಹಿಂದೆ ಸಮಿತಿ, ಸಮಿತಿಯ ಹಿಂದೆ ಟಿವಿ. ತರಕಾರಿ ಅಂಗಡಿಗಳ ಸಾಲು ದಾಟಿ, ಇಸ್ತ್ರಿ ಅಂಗಡಿಯ ಒಗೆದ ಬಟ್ಟೆಗಳ ನಡುವೆ ನುಗ್ಗಿ, ಚರಂಡಿ ಹಾರಿ ಓಡಿದರು. ಅಧ್ಯಕ್ಷೆ ಯಾರದೋ ಪಾಯಿಜಾಮ ಹೆಗಲಿಗೆ ಸುತ್ತಿಕೊಂಡಿದ್ದರೂ ಓಟ ನಿಲ್ಲಿಸಲಿಲ್ಲ. ಓಟಕ್ಕೆ ಸಿಕ್ಕ ಊರಿನ ಗಡಿಯಾರ ಕೂಡ ಹತ್ತು ನಿಮಿಷ ಮುಂದೆ ಹೋಯಿತಂತೆ.

ಯಾವ ಬೀದಿಗೆ ತಿರುಗುತ್ತಿದ್ದೇವೆಂದು ಮೇಷ್ಟ್ರಿಗೆ ಆಗ ಗೊತ್ತಾಯಿತು. "ದಿವಾನ, ಬೇಡ ಕಣೋ," ಎಂದು ಪಿಸುಗುಟ್ಟಿದರು. ಆ ಮಾತನ್ನು ಅವರು ಅವನಿಗೆ ಯಾವತ್ತೂ ಕಲಿಸಿರಲಿಲ್ಲ.

ಮೇಷ್ಟ್ರ ಮನೆ ಬಾಗಿಲಲ್ಲಿ ಅವರ ಹೆಂಡತಿ ಎರಡೂ ಕೈ ಅಗಲಿಸಿ ನಿಂತಿದ್ದಳು. "ಮನೇಲಿ ಯಾರೂ ಇಲ್ಲ!"

"ಯಾರಾದ್ರೂ ಇದ್ದಾರಾ ಅಂತ ನಾವಿನ್ನೂ ಕೇಳಲಿಲ್ವಲ್ಲಮ್ಮ," ಎಂದರು ಅಧ್ಯಕ್ಷೆ, ಏದುಸಿರು ಬಿಡುತ್ತ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ದಿವಾನ ಆಕೆಯ ಕಾಲಸಂದಿಯಲ್ಲಿ ನುಸುಳಿ ಒಳಕೋಣೆಯ ಮರದ ಪೆಟ್ಟಿಗೆಯ ಎದುರು ಕೂತ. ಹಾಸಿಗೆ ಹೊದಿಕೆ ತುಂಬುವ ಪೆಟ್ಟಿಗೆ. ಬೆನ್ನು ನೆಟ್ಟಗೆ, ಮಡಚಿದ ಕಿವಿಯೂ ನೆಟ್ಟಗೆ, ಪುಸ್ತಕದಲ್ಲಿ ಹೇಳಿದಂತೆ ಬೊಗಳಿದ.

ಒಳಗೆ ಅತ್ತೆ. ಬೂಟುಗಳ ಸದ್ದು ಕೇಳಿ ಒಳಗೆ ಹೊಕ್ಕಿದ್ದರು. ಸುಮ್ಮನೆ ಕೂತಿದ್ದರೆ, ಹಳೇ ಹೊದಿಕೆಯ ವಾಸನೆ ಸ್ವಾಮಿ ಎಂದು ಮೇಷ್ಟ್ರು ಹೇಗೋ ತಿಪ್ಪೆ ಸಾರಿಸುತ್ತಿದ್ದರು. ಆದರೆ ಎಷ್ಟೋ ವರ್ಷದ ಅಭ್ಯಾಸ. ದಿವಾನ ಬೊಗಳಿದ, ಅತ್ತೆ ಎದ್ದರು. ಪೆಟ್ಟಿಗೆಯ ಮುಚ್ಚಳ ತಲೆಯಲ್ಲೇ ಎತ್ತಿ, ಸೊಂಟದಿಂದ ರಬ್ಬರ್ ಚೆಂಡು ತೆಗೆದು ಎಸೆದು, "ಭಲೇ ನನ್ನ ರಾಜ!" ಎಂದರು.

ಚೆಂಡು ಅಧ್ಯಕ್ಷೆಯ ಹಣೆಗೆ ತಗುಲಿ ದಿವಾನನ ಬಾಯಿಗೆ ಬಿತ್ತು.

ಆಮೇಲೆ ಅತ್ತೆ ಸುತ್ತ ನಿಂತವರನ್ನು ನೋಡಿದರು.

"ಅಮ್ಮ!" ಎಂದಳು ಮಗಳು. "ಸುಮ್ನೆ ಕೂತಿರಬಾರದಿತ್ತಾ?"

"ಹೇಗೆ ಕೂರ್ಲೇ? ಸರಿಯಾಗಿ ಹುಡುಕಿದ ನಾಯಿಗೆ ಬಹುಮಾನ ಕೊಡದಿದ್ರೆ ಕೆಟ್ಟುಹೋಗುತ್ತೆ ಅದು."

"ಯಾರಿವರು?" ಎಂದರು ಅಧ್ಯಕ್ಷೆ, ಹಣೆ ಒರೆಸಿಕೊಳ್ಳುತ್ತ.

ಮೇಲಧಿಕಾರಿಗೆ ಶಾಲೆಯೂ ಕುರ್ಚಿಯೂ ಒಟ್ಟಿಗೆ ನೆನಪಾದವು. "ಇವರು ನಮ್ಮ ತರಬೇತಿ ಸಲಕರಣೆ, ಮೇಡಂ," ಎಂದುಬಿಟ್ಟರು.

"ಇವರ ಕಾಗದ?"

"ಸಲಕರಣೆಗೆ ಕಾಗದ ಇರಲ್ಲ ಮೇಡಂ. ನಂಬರ್ ಇರುತ್ತೆ."

"ಏನ್ ನಂಬರ್?"

"ಇನ್ನೂ ಹಾಕಿಲ್ಲ."

"ಅಲ್ಲಮ್ಮ," ಎಂದರು ಅತ್ತೆ, "ಕಾಗದ ಇದ್ದಿದ್ರೆ ಈ ವಯಸ್ಸಲ್ಲಿ ಪೆಟ್ಟಿಗೇಲಿ ಯಾಕೆ ಕೂರ್ತಿದ್ದೆ? ಈರುಳ್ಳಿ ಲಾರೀಲಿ ಬಂದೋಳು ನಾನು."

ಅಧ್ಯಕ್ಷೆ ಕೋಪಗೊಳ್ಳಲಿಲ್ಲ, ಹವಾಮಾನ ವರದಿ ಓದುವವರಂತೆ ಹೇಳಿದರು. "ಹಾಗಾದ್ರೆ ಕಳಿಸ್ಬೇಕಾಗುತ್ತೆ. ನಾಯಿ ತನ್ನ ಕೆಲಸ ಮಾಡಿದೆ. ನಾವು ನಮ್ಮದು ಮಾಡ್ತೀವಿ."

ಮಗಳು ತಾಯಿಯ ತೋಳು ಹಿಡಿದುಕೊಂಡಳು. ಬಾಗಿಲಿನ ಮುಖಂಡರು ಭಾಷಣಕ್ಕೆ ಗಂಟಲು ಸರಿಮಾಡಿಕೊಂಡರು. ಅವರ ಭಾಷಣ ಮುಗಿಯುವ ಹೊತ್ತಿಗೆ ಅತ್ತೆ ಬೇಲಿಯಾಚೆ ಹಣ್ಣು ಹಣ್ಣು ಮುದುಕಿಯಾಗಿ ಸತ್ತೂ ಹೋಗಿರುತ್ತಿದ್ದರು. ಮೇಷ್ಟ್ರು ಅಷ್ಟು ಕಾಯಲಿಲ್ಲ. ತಮ್ಮ ನಾಯಿಗಳ ಬಗ್ಗೆ ಜನ್ಮವಿಡೀ ಬಡಾಯಿ ಕೊಚ್ಚಿದ ಮನುಷ್ಯ, ಅಂದು ಮೊದಲ ಬಾರಿಗೆ ಅವುಗಳ ಬಗ್ಗೆ ನಿಜ ಹೇಳಿದರು.

"ಕಳಿಸಿ ಮೇಡಂ. ಆದ್ರೆ ಒಂದು ಮಾತು. ಗಡಿಯಲ್ಲಿರೋ ನಮ್ಮ ನಾಯಿಗಳೆಲ್ಲ ಕಲಿತಿರೋದು ಇವರೊಬ್ಬರ ವಾಸನೆ ಮೇಲೆ. ಅವುಗಳ ಪಾಲಿಗೆ ಅಡಗಿರೋ ಮನುಷ್ಯರು ಅಂದ್ರೆ ನಮ್ಮತ್ತೆ. ಬೇರೆಯವರನ್ನ ಅವು ಹುಡುಕಲ್ಲ. ಈಗ ನೀವೇ ನೋಡಿದ್ರಲ್ಲ, ಗುಮಾಸ್ತನಿಗೆ ಏನಾಯ್ತು ಅಂತ."

"ಅಂದ್ರೆ?"

"ಅಂದ್ರೆ, ಇವರನ್ನ ಆಚೆ ಬಿಟ್ಟು ಗಾಳಿ ಈ ಕಡೆ ಬೀಸಿದ ದಿನ, ನಮ್ಮ ಗಡಿ ನಾಯಿಗಳಷ್ಟೂ ಬೇಲಿ ಹಾರಿ ಆ ದೇಶಕ್ಕೆ ಹೋಗ್ತವೆ. ಒಂದೂ ವಾಪಸ್ ಬರಲ್ಲ."

ದಿವಾನ ಚೆಂಡು ಅಗಿಯುತ್ತಿದ್ದ. ದೇಶದ ಸಮಸ್ತ ನಾಯಿದಳ ಬಾಲ ಅಲ್ಲಾಡಿಸುತ್ತ ಶತ್ರುವಿನ ಕಡೆಗೆ ಓಡುವ ದೃಶ್ಯ ಅಧ್ಯಕ್ಷೆಯ ಮುಖದ ಮೇಲೆ ಹಾದುಹೋಯಿತು.

"ಆ ದೇಶದವರಿಗೆ ಇದು ಗೊತ್ತಾ?" ಎಂದರು ಮೆಲ್ಲಗೆ.

"ಇನ್ನೂ ಇಲ್ಲ," ಎಂದರು ಅತ್ತೆ. "ನಾನು ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ."

ಮಗಳು ಕೆಮ್ಮಿದಳು.

ಮುಂದಿನದು ಬೇಗ ಮುಗಿಯಿತು. ಅಷ್ಟು ವರ್ಷ ಜಗ್ಗಾಡಿದ ಸಭೆ ನಾಯಿಗಳ ಕಲಮನ್ನು ಒಂದೇ ಮಧ್ಯಾಹ್ನ, ಅದೂ ಊಟಕ್ಕೆ ಮುಂಚೆ ಪಾಸು ಮಾಡಿತು. ಗಡಿ ನಾಯಿಗಳ ತರಬೇತಿಗೆ ಅಗತ್ಯವಾದ ಸಲಕರಣೆ, ಅದು ಉಸಿರಾಡುವಂಥದ್ದಾದರೂ, ಯಾವ ಕಾರಣಕ್ಕೂ ದೇಶದಿಂದ ಹೊರಗೆ ಹೋಗತಕ್ಕದ್ದಲ್ಲ. ಗಡಿ ಬಿಗಿಯಾಯಿತು ಎಂದು ಬೇಲಿಯವರು ಮೇಜು ಕುಟ್ಟಿದರು. ಬಾಗಿಲು ತೆರೆಯಿತು ಎಂದು ಬಾಗಿಲಿನವರೂ ಕುಟ್ಟಿದರು. ಎರಡೂ ಕಡೆಯವರು ಕುಟ್ಟಿದ ರಭಸಕ್ಕೆ ಮೇಜುಗಳು ಪುಡಿಯಾಗಿ, ಮಸೂದೆಯ ಉಳಿದ ಭಾಗವನ್ನು ನೆಲದ ಮೇಲೆ ಕೂತು ಚರ್ಚಿಸುತ್ತಿದ್ದಾರೆ.

ಒಬ್ಬರ ವಾಸನೆ ಮಾತ್ರ ಕಲಿತ ನಾಯಿಗಳಿಂದ ದೇಶಕ್ಕೆ ಅಪಾಯ ಎಂದು ಅಧ್ಯಕ್ಷೆಯೇ ಪಟ್ಟು ಹಿಡಿದದ್ದರಿಂದ, ಬಗೆಬಗೆಯ ಸಲಕರಣೆ ಸೇರಿಸಿಕೊಳ್ಳಲು ಮೇಷ್ಟ್ರಿಗೆ ಆಜ್ಞೆ ಬಂತು. ಭದ್ರತೆ ಹೆಚ್ಚಿಸಿದಷ್ಟೂ ನಾಯಿ ಹೆಚ್ಚು ಬೇಕು, ನಾಯಿ ಹೆಚ್ಚಿದಷ್ಟೂ ಅಡಗುವವರು ಹೆಚ್ಚು ಬೇಕು. ಶಾಲೆಯ ಮುಂದೆ ಕಾಗದವಿಲ್ಲದ ಅಡುಗೆಯವರು, ಗಾರೆಯವರು, ದರ್ಜಿಗಳು, ಅವರ ಅಜ್ಜಿಯರು ಸಾಲು ನಿಂತರು. ಆ ಸಾಲಿನ ಬಾಲ ಗಡಿಯಾಚೆಗೂ ಚಾಚಿತ್ತು ಎನ್ನುತ್ತಾರೆ. ಅವರೆಲ್ಲರಿಗೂ ಅಡಗುವ ಪಾಠ ಹೇಳಿಕೊಡುವುದು ಅತ್ತೆ. ರಿಪೇರಿ ಬಾಬ್ತಿನಲ್ಲಿ ಅವರಿಗೆ ಹೊಸ ಹಲ್ಲುಗಳನ್ನೂ ಕಟ್ಟಿಸಿಕೊಟ್ಟಿದ್ದಾರೆ.

"ಅತ್ತೆ, ನಿಮ್ಮನ್ನ ಸಾಮಾನು ಅಂತ ಬರ್ಕೊಂಡಿದಾರೆ," ಎಂದರು ಒಮ್ಮೆ ಮೇಷ್ಟ್ರು, ತಲೆ ಕೆರೆದುಕೊಳ್ಳುತ್ತ. "ನಿಮಗೆ ಬೇಜಾರಿಲ್ವಾ?"

"ಮನುಷ್ಯಳಾಗಿ ಇಷ್ಟು ವರ್ಷ ಇದ್ನಲ್ಲ ಅಳಿಯಂದ್ರೇ, ಒಬ್ಬನಾದ್ರೂ ಹಲ್ಲು ಹೇಗಿದೆ ಅಂತ ಕೇಳಿದ್ನಾ?"

ವರ್ಷದ ಕೊನೆಗೆ ಉಗ್ರಾಣದ ಗುಮಾಸ್ತ ಸಲಕರಣೆಗಳ ತಪಾಸಣೆಗೆ ಬಂದ. ದಿವಾನನಿಂದ ಎರಡು ಮಾರು ದೂರ ನಿಂತು, ಅತ್ತೆಯನ್ನು ಮೇಲಿಂದ ಕೆಳಗೆ ನೋಡಿದ. ಅತ್ತೆ ಅವನ ಅಂಗಿಯ ಮಡಿಕೆ, ಅವನ ತಲೆಗೂದಲು, ಇನ್ನೂ ಆಗದ ಅವನ ಮದುವೆ, ಪೆಟ್ಟಿಗೆಯಲ್ಲಿ ಸೀನುವ ಅವನ ಚಾಳಿ, ಎಲ್ಲದರ ಬಗ್ಗೆ ಒಂದೇ ಉಸಿರಿನಲ್ಲಿ ಅಭಿಪ್ರಾಯ ಹೇಳಿ ಮುಗಿಸುವ ತನಕ ಕಾದು, ಪೆನ್ನು ತೆಗೆದ.

ಸುಸ್ಥಿತಿಯಲ್ಲಿದೆ, ಎಂದು ಬರೆದ. ಸದ್ದು ಸ್ವಲ್ಪ ಹೆಚ್ಚು.

ಮೇಷ್ಟ್ರು ಓದಿ ನೋಡಿ ಕೆಳಗೆ ರುಜು ಹಾಕಿದರು.