ನಾಲ್ಕನೆಯ ಮೂಲೆಯ ಹೊಲಿಗೆ

ಮೂರು ಡಜನ್ ಸಮವಸ್ತ್ರದ ಚಡ್ಡಿಗಳಿಗೆ ಅಂಚು ಹೊಲಿದು ಸೊಂಟ ಬಿದ್ದುಹೋದಂತಾಗಿದ್ದ ಅಕ್ಕ, ಸಂಜೆ ಮನೆಗೆ ಬಂದವಳೇ ಚೀಲವನ್ನೂ ಕೆಳಗಿಡದೆ ಚಹಾ ಸೋಸುವ ಜರಡಿ ಹುಡುಕಿದಳು. ನಾಲ್ಕು ದಿನದಿಂದ ಆ ಜರಡಿ ಬಿದ್ದ ಮೀನು ಎತ್ತುವುದಕ್ಕೇ ಮೀಸಲು.

"ಯಾವಾಗ ಬಿತ್ತು?"

"ಈಗಷ್ಟೇ," ಅಂದ ತಮ್ಮ, ಮುಖ ಬೇರೆ ಕಡೆ ತಿರುಗಿಸಿ.

ಸುಳ್ಳು. ಮಧ್ಯಾಹ್ನವೇ ಬಿದ್ದಿರಬೇಕು. ಇವನ ಕೈ ನಡುಗುತ್ತದೆ, ಎತ್ತಲಾರ. ಬಾಯಿಬಿಟ್ಟು ಹೇಳಲೂ ಆರ.

ಹೊಸ ಅಕ್ವೇರಿಯಂನ ಒಂದು ಮೂಲೆಯಲ್ಲಿ ಗಾಜಿನ ಕಿರುಕೋಣೆ. ಹೆಚ್ಚಾದ ನೀರು ಅದರೊಳಗೆ ಬಿದ್ದು, ಕೊಳವೆಯಲ್ಲಿ ಕೆಳಗಿಳಿದು, ಸೋಸಿಕೊಂಡು ಮತ್ತೆ ಮೇಲೆ ಬರಬೇಕು. ಆ ಕೋಣೆಯ ಪ್ಲಾಸ್ಟಿಕ್ ಮುಚ್ಚಳ ಬರುವಾಗಲೇ ಸೊಟ್ಟಗಿತ್ತು. ಬದಲಾಯಿಸಿ ಕೊಡುತ್ತೇನೆ ಅಂದ ಅಂಗಡಿಯವನನ್ನು ತಮ್ಮ ಅಟ್ಟಿಬಿಟ್ಟ. ಮೂವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವನಿಗೆ ಒಂದು ಮುಚ್ಚಳ ಯಾವ ಮಹಾ! ಅರ ಹಿಡಿದು ಉಜ್ಜಿ, ಕೂದಲೆಳೆಯೂ ತೂರದಂತೆ ಕೂರಿಸಿದ. ನೀರಿಗೂ ದಾರಿ ಇಲ್ಲದೆ ಅದು ನಡುಮನೆಗೆ ಹರಿಯಿತು. ಮತ್ತೆ ಉಜ್ಜಿದ. ಈ ಸಲ ಕೈ ಜಾರಿ ಎರಡು ಬೆರಳಗಲದ ಸಂದಿಯಾಯಿತು. ಯಜಮಾನರೆಂದು ಇಬ್ಬರೂ ಕರೆಯುವ ಠೊಣಪ ಮೀನು ಆ ಸಂದಿಯಲ್ಲೇ ದಿನವೂ ಒಳಗೆ ಬೀಳುತ್ತಿತ್ತು.

ಅಕ್ಕ ಯಜಮಾನರನ್ನು ಎತ್ತಿ ನೀರಿಗೆ ಬಿಟ್ಟಳು. ಪಕ್ಕೆಯ ಹುರುಪೆ ಕಿತ್ತುಹೋಗಿತ್ತು. ಇನ್ನೊಂದು ಸಲ ಬಿದ್ದರೆ ಉಳಿಯುವುದಿಲ್ಲ.

ಸರಿಮಾಡುವುದು ಅವಳಿಗೆ ಅರ್ಧ ಗಂಟೆಯ ಕೆಲಸ. ಆದರೆ ಕೈ ನಡುಗಿ ಅಂಗಡಿ ಮುಚ್ಚಿದ ಮೇಲೆ ಎಂಟು ತಿಂಗಳು ಹೆಚ್ಚಿನ ಹೊತ್ತು ಗೋಡೆ ನೋಡುತ್ತ ಕೂತಿದ್ದ ತಮ್ಮ ತಾನಾಗಿ ಆಸೆಪಟ್ಟು ತಂದ ಮೊದಲ ವಸ್ತು ಇದು. ಇದನ್ನೂ ಕಸಿದುಕೊಂಡರೆ ಅವನು ಮತ್ತೆ ಗೋಡೆಗೆ ಹೋಗುತ್ತಾನೆಂಬ ಭಯ ಅವಳಿಗೆ. ಅವನು ಅರೆಬರೆ ಬಿಗಿದ ಕುರ್ಚಿಯ ತಿರುಪು, ಹೊಲಿದ ಗುಂಡಿ ಎಲ್ಲವನ್ನೂ ಅವನು ಬೆಳಿಗ್ಗೆ ವಾಕಿಂಗ್ ಹೋದಾಗ ಗುಟ್ಟಾಗಿ ಬಿಚ್ಚಿ ಸರಿಮಾಡುತ್ತಿದ್ದಳು. ಮುಚ್ಚಳದ ವಿಷಯದಲ್ಲಿ ಆ ಆಟ ನಡೆಯುವಂತಿರಲಿಲ್ಲ, ಅವನ ಕಣ್ಣೆಲ್ಲ ಅದರ ಮೇಲೇ.

"ನಾಳೆ ಸರಿಮಾಡ್ತೀನಿ," ಅಂದ.

"ಸಾಕಾಗಿ ಹೋಗಿದೆ ನನಗೆ," ಅಂದುಬಿಟ್ಟಳು ಅಕ್ಕ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ತಮ್ಮ ಅಂಗಿಯ ಗುಂಡಿ ಮುಟ್ಟಿಕೊಂಡು ಹೇಳಿದ: "ನಾನು ಗುಂಡಿ ಹೊಲಿಯೋದು ಎರಡು ಗೆರೆ ಥರ. ಮಾರನೇ ದಿನ ನೋಡಿದರೆ ಗುಣಾಕಾರದ ಗುರುತಿರುತ್ತೆ."

"ಗೊತ್ತಿತ್ತಾ ನಿನಗೆ?"

"ಕೈ ಹೋಗಿದೆ, ಕಣ್ಣು ಹೋಗಿಲ್ಲ."

"ಮತ್ತೆ ಯಾಕೆ ಬಾಯಿಬಿಡಲಿಲ್ಲ?"

"ನೀನು ಅಷ್ಟು ಕಷ್ಟಪಟ್ಟು ಮುಚ್ಚಿಡ್ತಿದ್ದೆ. ಹೇಳಿದ್ರೆ ನಿನಗೆ ಬೇಜಾರಾಗುತ್ತೆ ಅಂತ."

ಅಕ್ಕ ಕುರ್ಚಿಯಲ್ಲಿ ಕುಸಿದು ಕೂತಳು. ಎಂಟು ತಿಂಗಳು ಕಳ್ಳಿಯಂತೆ ದುಡಿದದ್ದು ಇವನ ಕಣ್ಣೆದುರಿಗೇ ಎಂದು ತಿಳಿದಾಗ ಅವಳಿಗೆ ಸಿಟ್ಟು ಬರಲಿಲ್ಲ. ಅಳು ಬಂತು, ಅದಕ್ಕೂ ತ್ರಾಣವಿರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಚೀಲದಿಂದ ನೈಲಾನ್ ಬಲೆಯ ತುಂಡು ತೆಗೆದು, ಸಂದಿಗೆ ಅಡ್ಡವಾಗುವಷ್ಟಕ್ಕೆ ಎರಡು ಪದರ ಮಡಚಿದಳು. "ಮುಚ್ಚಳ ಹಿಡ್ಕೋ. ಮೊಣಕೈ ಮೇಜಿಗೆ ಒತ್ತು."

ಮುಚ್ಚಳ ನಡುಗಿತು, ಸೂಜಿ ಎರಡು ಸಲ ಅವಳ ಬೆರಳಿಗೇ ಚುಚ್ಚಿತು. ಸೂಜಿ ಕಾಯಿಸಿ ಮುಚ್ಚಳಕ್ಕೆ ತೂತು ಮಾಡಿ, ದಾರ ತೂರಿಸಿ ಬಲೆಯ ಮೂರು ಮೂಲೆ ಮುಗಿಸಿದಳು. ನಾಲ್ಕನೆಯದಕ್ಕೆ ಸೂಜಿಯನ್ನು ಅವನ ಕೈಗಿಟ್ಟಳು.

"ಬಿಗಿಯಾಗಿ ಎಳೀಬೇಡ. ಗಡಿಯಾರ ಅಲ್ಲ ಇದು, ನೀರು ಹೋಗಬೇಕು. ಬಟ್ಟೆಗೆ ಬಿಟ್ಟಂಗೆ ಸ್ವಲ್ಪ ಸಡಿಲ ಬಿಡು."

ಒಂದೊಂದು ಹೊಲಿಗೆಯೂ ಒಂದೊಂದು ದಿಕ್ಕಿಗೆ ಹೋಯಿತು. ಆದರೂ ಬಲೆ ನಿಂತಿತು. ಮುಚ್ಚಳ ಕೂರಿಸಿದಾಗ ನೀರು ಸದ್ದಿಲ್ಲದೆ ಇಳಿಯಿತು. ಯಜಮಾನರು ಬಂದು ಮೂತಿ ಒತ್ತಿ ನೋಡಿ ಹಿಂತಿರುಗಿದರು. ಆ ಸೊಟ್ಟ ಹೊಲಿಗೆ ನೋಡಿ ಅಕ್ಕನ ಕೈ ಚಡಪಡಿಸಿತು.

ಬೆಳಿಗ್ಗೆ ತಮ್ಮ ವಾಕಿಂಗ್ ಮುಗಿಸಿ ಬಂದವನು ನೇರ ಅಕ್ವೇರಿಯಂ ಹತ್ತಿರ ಹೋದ. ಪೆಟ್ಟಿಗೆಯಿಂದ ಹಳೆಯ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿ ನಾಲ್ಕನೆಯ ಮೂಲೆಯನ್ನು ತುಂಬ ಹೊತ್ತು ನೋಡಿದ.

"ಬಿಚ್ಚಿಲ್ಲ," ಅಂದ.

"ಇಲ್ಲ," ಅಂದಳು ಅಕ್ಕ, ಜರಡಿಯಲ್ಲಿ ಚಹಾ ಸೋಸುತ್ತ. "ಸುಸ್ತಾಗಿತ್ತು."