ಹಿಂದಿನ ಗೇಟು

ಬಂದರಿನ ಧಕ್ಕೆಯ ಮ್ಯಾನೇಜರ್ ಹಿಂದಿನ ಗೇಟಿನ ತುಕ್ಕು ಹಿಡಿದ ಬೀಗದೊಳಗೆ ಕೀಲಿ ತಿರುಗಿಸಿದ. ಲಾರಿಯಲ್ಲಿ ಬರುವವರು ಧರಣಿ ಕುಳಿತ ಹಮಾಲರನ್ನು ಹೆದರಿಸಿ ಎಬ್ಬಿಸುತ್ತಾರೆ ಅಷ್ಟೇ, ಯಾರ ಮೈಮೇಲೂ ಕೈ ಮಾಡುವುದಿಲ್ಲ ಎಂದು ಮಾಲೀಕರು ಫೋನಿನಲ್ಲಿ ಹೇಳಿದ್ದರು. ಅವನು ನಂಬಿದ. ನಂಬುವುದು ಸುಲಭವಾಗಿತ್ತು.

ಒಂದು ಕಾಲಕ್ಕೆ ಗೂಡ್ಸ್ ರೈಲು ಈ ಗೇಟಿನಿಂದಲೇ ಹಡಗಿನ ಪಕ್ಕಕ್ಕೆ ಬರುತ್ತಿತ್ತು. ಈಗ ಇಲ್ಲೊಂದು ಗೇಟಿದೆ ಎನ್ನುವುದೇ ಎಲ್ಲರಿಗೂ ಮರೆತಿತ್ತು, ಅವನನ್ನೂ ಇಲ್ಲಿ ರೈಲಿನ ಹಳಿ ಬದಲಿಸುತ್ತಿದ್ದ ಹಳೆಯ ಪಾಯಿಂಟ್ಸ್‌ಮನ್ ಮುದುಕನನ್ನೂ ಬಿಟ್ಟು. ರಜೆ ಬಂತೆಂದರೆ ಮ್ಯಾನೇಜರ್ ಆ ಮುದುಕನ ಜಗಲಿಯಲ್ಲಿ ಹಾಜರು. ಯಾವ ಎಂಜಿನ್ ಎಲ್ಲಿ ಹಳಿ ತಪ್ಪಿತು, ಯಾವ ಡ್ರೈವರ್ ಕುಡಿದ ಅಮಲಿನಲ್ಲಿ ಗಾಡಿಯನ್ನು ಸಮುದ್ರಕ್ಕೇ ನುಗ್ಗಿಸಲು ಹೋದ, ಎಲ್ಲವನ್ನೂ ಕೇಳಿಕೊಂಡು ಬಂದು ಪತ್ರಿಕೆಗೆ ಬರೆಯುತ್ತಿದ್ದ. ನನ್ನ ಸವತಿಗೆ ಹೊಗೆಕೊಳವೆ ಇದೆ ಎಂದು ಅವನ ಹೆಂಡತಿ ನೆಂಟರ ಮುಂದೆ ನಗೆಯಾಡುತ್ತಿದ್ದಳು.

ಮುದುಕನ ಅಳಿಯ ಧಕ್ಕೆಯಲ್ಲೇ ಹಮಾಲನಾಗಿದ್ದ. ಸವೆದ ಹಗ್ಗ ಹರಿದು ಕ್ರೇನಿನ ಹೊರೆ ಅವನ ಮೇಲೆ ಬಿದ್ದಿತ್ತು. ಹಗ್ಗ ಬದಲಿಸಬೇಕೆಂದು ಮ್ಯಾನೇಜರ್ ಹಿಂದೆಯೇ ಮೇಲಿನವರಿಗೆ ತಿಳಿಸಿದ್ದ, ಉತ್ತರ ಬಾರದಿದ್ದಾಗ ಸುಮ್ಮನಾಗಿದ್ದ. ಅಂತ್ಯಕ್ರಿಯೆ ಮುಗಿಸಿ ಬಂದ ಹಮಾಲರು ನೇರ ಕ್ರೇನಿನ ಬುಡದಲ್ಲಿ ಕುಳಿತುಬಿಟ್ಟರು. ಹಗ್ಗ ಬದಲಾಗದೆ ಒಂದು ಮೂಟೆಯೂ ಇಳಿಯದು ಎಂದರು. ಅವರ ನಡುವೆ ಮುದುಕನೂ ಇದ್ದ. ಮನೆಗೆ ಹೋಗು ಎಂದು ಮ್ಯಾನೇಜರ್ ಬೆಳಿಗ್ಗೆ ಎಷ್ಟು ಗೋಗರೆದರೂ ಅವನು ಜಗ್ಗಲಿಲ್ಲ.

ಗೇಟು ಕಿರುಗುಟ್ಟುತ್ತ ತೆರೆಯಿತು. ಲಾರಿಯಿಂದ ಇಳಿದವರ ಕೈಯಲ್ಲಿ ಕಬ್ಬಿಣದ ಸಲಾಕೆ, ಸೈಕಲ್ ಚೈನು. ಹೆದರಿಸುವ ಮಾತೊಂದೂ ಅವರ ಬಾಯಿಂದ ಬರಲಿಲ್ಲ. ಹಮಾಲರು ಮುಂದಿನ ಗೇಟಿನತ್ತ ಮುಖ ಮಾಡಿ ಕುಳಿತಿದ್ದರು. ಏಟು ಬೆನ್ನಿಗೆ ಬಿತ್ತು. ಒಬ್ಬನ ಮೊಣಕೈ ತಿರುವುಮುರುವಾಗಿ ಮಡಚಿಕೊಂಡಿತು. ಇನ್ನೊಬ್ಬ ಏಳುವಷ್ಟರಲ್ಲಿ ಚೈನು ಅವನ ಮುಖ ಸೀಳಿತು. ಎರಡೂ ಕೈಗಳಿಂದ ಕಣ್ಣು ಮುಚ್ಚಿಕೊಂಡು ಅಲ್ಲೇ ಕುಕ್ಕರಿಸಿದ. ಬೆರಳ ಸಂದಿಯಿಂದ ರಕ್ತ ಮಣಿಕಟ್ಟಿಗೆ ಇಳಿಯುತ್ತಿತ್ತು.

ನಿಲ್ಲಿಸಿ ಎನ್ನುತ್ತ ಮ್ಯಾನೇಜರ್ ಓಡಿದ. ಅವನ ಮಾತು ಯಾರಿಗೂ ಬೇಕಿರಲಿಲ್ಲ. ದಪ್ಪ ಕತ್ತಿನವನೊಬ್ಬ ಮುದುಕನ ತಲೆಗೂದಲು ಹಿಡಿದು ಅವನ ಮುಖವನ್ನು ಹಳಿಗೆ ಜಜ್ಜುತ್ತಿದ್ದ. ಹಲ್ಲುಗಳು ಜಲ್ಲಿಕಲ್ಲಿನ ಮೇಲೆ ಉದುರಿದವು. ಹುಟ್ಟಿದಾರಭ್ಯ ಯಾರ ಕೆನ್ನೆಗೂ ಹೊಡೆಯದ ಮ್ಯಾನೇಜರ್ ಅಲ್ಲೇ ಬಿದ್ದಿದ್ದ ಸಲಾಕೆ ಎತ್ತಿ ಆ ಕತ್ತಿಗೆ ಬೀಸಿದ. ದಪ್ಪ ಕತ್ತಿನವನು ಸದ್ದಿಲ್ಲದೆ ಕುಸಿದ. ಕುಸಿದವನ ಬೆನ್ನಿಗೂ ಮ್ಯಾನೇಜರ್ ಬೀಸುತ್ತಲೇ ಇದ್ದ. ಅದರಲ್ಲೊಂದು ಸುಖವಿತ್ತು, ಆಮೇಲೆ ಬಹುಕಾಲ ಅವನ ನಿದ್ದೆ ಕೆಡಿಸಿದ್ದು ಅದೇ. ಹಿಂದಿನಿಂದ ಯಾರೋ ಅವನ ಬಲಗೈ ಮುರಿಯುವ ತನಕ ಅವನು ನಿಲ್ಲಿಸಲಿಲ್ಲ.

ಆಸ್ಪತ್ರೆಯಲ್ಲಿ ಅವನಿಗೂ ಮುದುಕನಿಗೂ ಅಕ್ಕಪಕ್ಕದ ಮಂಚ. ದಪ್ಪ ಕತ್ತಿನವನ ಜೀವ ಉಳಿದಿತ್ತು, ಕಾಲು ಸ್ವಾಧೀನ ತಪ್ಪಿತ್ತು. ಅದಕ್ಕಾಗಿ ವಾರ್ಡಿನ ಬಾಗಿಲಲ್ಲಿ ಪೊಲೀಸನೊಬ್ಬ ಕುಳಿತಿದ್ದ. ಹಮಾಲರು ಹಣ್ಣು ತಂದಿಟ್ಟು, ನೀವಿಲ್ಲದಿದ್ದರೆ ಮುದುಕ ಉಳಿಯುತ್ತಿರಲಿಲ್ಲ ಎಂದು ಹೇಳಿಹೋದರು. ಗೇಟು ಹೇಗೆ ತೆರೆಯಿತೆಂದು ಯಾರೂ ಕೇಳಲಿಲ್ಲ. ಪಕ್ಕದ ಮಂಚದತ್ತ ಮುಖ ತಿರುಗಿಸುವ ಧೈರ್ಯ ಬರಲು ಅವನಿಗೆ ದಿನಗಳೇ ಬೇಕಾದವು.

"ಗೇಟು ತೆಗ್ದಿದ್ದು ನಾನೇ, ದೊಡ್ಡಪ್ಪಾ."

ಮುದುಕನ ದವಡೆಗೆ ಪಟ್ಟಿ ಬಿಗಿದಿತ್ತು. ಮಾತು ಒಂದೊಂದಾಗಿ ಹೊರಬಿತ್ತು.

"ಗೊತ್ತಪ್ಪ. ನನ್ ಮಗಳಿಗೆ ಹೇಳ್ಬೇಡ. ಅವಳಿಗೂ ಒಬ್ರನ್ನಾದ್ರೂ ನಂಬ್ಕೊಂಡು ಬದುಕ್ಬೇಕಲ್ಲ."

ಅಷ್ಟರಲ್ಲಿ ಮಗಳೇ ಹಾಲು ತೆಗೆದುಕೊಂಡು ಒಳಗೆ ಬಂದಳು. ಮ್ಯಾನೇಜರ್ ಬಾಯಿ ತೆರೆದ. ಮುದುಕ ಕಣ್ಣು ಮುಚ್ಚಿಕೊಂಡ. ಅವಳು ಲೋಟದ ಹಾಲನ್ನು ಊದಿ ಆರಿಸಿ, ಬಲಗೈ ಎತ್ತಲಾರದ ಮ್ಯಾನೇಜರನ ತುಟಿಗೆ ಹಿಡಿದಳು.

"ಮೊದ್ಲು ನೀವು ಕುಡೀರಿ, ಅಣ್ಣ."

ಅವನು ಕುಡಿದ. ಗದ್ದಕ್ಕೆ ಇಳಿದ ಹಾಲನ್ನು ಅವಳು ಟವೆಲಿನ ತುದಿಯಿಂದ ಮೆಲ್ಲಗೆ ಒರೆಸಿದಳು.