ತಂಬಾಕಿನ ಉಡಿಯಲ್ಲಿ ಕೆಂಚಿ

ನಿಪ್ಪಾಣಿಯ ಶೇವಂತಾಗೆ ತನ್ನ ಮೇಲಿನ ಭರವಸೆ ಸ್ವಲ್ಪ ಜಾಸ್ತಿಯೇ. ಬೀದಿ ಪ್ರಾಣಿಗಳ ಆಶ್ರಯಧಾಮದಲ್ಲಿ ಜಾಗ ಸಾಲದಾದಾಗಲೆಲ್ಲ ಅಲ್ಲಿ ಕೆಲಸ ಮಾಡುವ ರಿಯಾಜ ಜಡ್ಡಾದ ಬೆಕ್ಕಿನ ಮರಿಗಳನ್ನು ಅವಳ ಮನೆಗೆ ತರುತ್ತಿದ್ದ. ಅವಳು ಹಾಲು ಕುಡಿಸಿ, ಔಷಧ ಹಾಕಿ, ಗಟ್ಟಿಮುಟ್ಟಾದ ಮೇಲೆ ವಾಪಸ್ ಕಳಿಸುತ್ತಿದ್ದಳು. "ನನ್ನ ಕೈಯಾಗ ಬಂದದ್ದ ಒಂದೂ ಸತ್ತಿಲ್ಲ" ಎಂದು ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು.

ಹಿಂದಿನ ಮರಿಗಳು ಹೊಟ್ಟೆ ಕೆಟ್ಟೋ ಕಾಲಿಗೆ ಗಾಯವಾಗಿಯೋ ಬಂದಿದ್ದವು. ಈ ಸಲ ಬಂದ ಮರಿ ಕೆಂಚಿಗೆ ನೆಗಡಿ ಎದೆಗಿಳಿದಿತ್ತು. ಮುಷ್ಟಿಯಷ್ಟು ಜೀವ, ಅಂಟಿಕೊಂಡ ಕಣ್ಣು, ಉಸಿರಾಡಿದರೆ ಗೊರಗೊರ. ಚಳಿ ತಾಗಬಾರದೆಂದು ಶೇವಂತಾ ಅದನ್ನು ಸೀರೆಯ ಉಡಿಯಲ್ಲಿ ಕಟ್ಟಿಕೊಂಡು, ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟಲು ಕೂತಳು. ತನ್ನ ಮಕ್ಕಳನ್ನೂ ಅವಳು ಬೆಳೆಸಿದ್ದು ಹೀಗೇ. ಓಣಿಯ ಹೆಂಗಸರೆಲ್ಲ ಬೆಳೆಸಿದ್ದು ಹೀಗೇ.

ಮರಿ ಮಾತ್ರ ದಿನೇ ದಿನೇ ಸೊರಗಿತು. ಸೀನಿ ಸೀನಿ ಸುಸ್ತಾಗಿ, ಹಾಲಿನ ಸಿರಿಂಜ್ ಬಾಯಿಗಿಟ್ಟರೆ ಮುಖ ತಿರುಗಿಸುತ್ತಿತ್ತು. ಶೇವಂತಾಗೆ ಸಿಟ್ಟು ಬಂತು, ಮರಿಯ ಮೇಲೆ, ಔಷಧದ ಮೇಲೆ, ಅದನ್ನು ತಂದುಕೊಟ್ಟ ರಿಯಾಜನ ಮೇಲೆ. ಒಳಗೊಳಗೇ ಹೆದರಿಕೆಯೂ ಆಗಿತ್ತು.

ನೋಡಲು ಬಂದ ರಿಯಾಜ ಉಡಿ ಬಿಚ್ಚಿಸಿದ. ಮರಿಯ ಮೈತುಂಬ ತಂಬಾಕಿನ ಪುಡಿ.

"ಅಕ್ಕಾರ, ಇದಕ್ಕ ಈ ಪುಡಿ ಅಂದ್ರ ವಿಷ ರೀ. ಉಸಿರಾಡಿದ್ರೂ ತ್ರಾಸ, ಮೈ ನೆಕ್ಕೊಂಡ್ರೂ ತ್ರಾಸ. ಇಲ್ಲೇ ಇದ್ರ ಉಳಿಯೂದಿಲ್ಲ."

"ನಾ ಉಡ್ಯಾಗ ಇಟ್ಕೊಂಡ ಜ್ವಾಪಾನ ಮಾಡಾಕತ್ತೇನಿ, ನೀ ವಿಷ ಅಂತಿಯಲ್ಲೋ!"

ಶೇವಂತಾ ಜಗಳಕ್ಕೇ ನಿಂತಳು. ಆಮೇಲೆ ತನ್ನ ಸೀರೆ ನೋಡಿಕೊಂಡಳು. ಒಂದೇ ಕೋಣೆಯ ಮನೆ, ಗೋಡೆಗೂ ಹಾಸಿಗೆಗೂ ಅದೇ ಘಾಟು. ಆದರೆ ಅವಳು ಅಳುತ್ತ ಕೂರುವ ಪೈಕಿ ಅಲ್ಲ. ಎದುರು ಮನೆಯಲ್ಲಿ ಹೊಲಿಗೆ ಮಾಡುವ ಯಾಸ್ಮಿನಳನ್ನು ಕೂಗಿ ಕರೆದು ಮರಿಯನ್ನು ಅವಳ ಕೈಗೆ ಹಾಕಿದಳು. ಹೇಗೆ ಹಿಡಿಯಬೇಕು, ಹಾಲು ಎಷ್ಟು ಬಿಸಿ ಇರಬೇಕು, ಎಲ್ಲ ಹೇಳಿಕೊಟ್ಟಳು. ಸೀನು ಪೂರ್ತಿ ನಿಲ್ಲುವ ತನಕ ತಾನು ಅದನ್ನು ಮುಟ್ಟುವುದಿಲ್ಲ ಎಂದಳು.

ಅಂದಿನಿಂದ ಬೀಡಿ ಕಟ್ಟಿ ಮುಗಿಸಿ, ಯಾಸ್ಮಿನಳ ಅಂಗಳದಲ್ಲೇ ನಿಂತು ವಿಚಾರಿಸುತ್ತಿದ್ದಳು. ಮರಿ ಹಾಲನ್ನು ಚಪ್ಪರಿಸಿ ಕುಡಿಯತೊಡಗಿತು. ಶೇವಂತಾಗೆ ಖುಷಿಯೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ಎರಡನ್ನೂ ಮುಚ್ಚಿಡಲಿಲ್ಲ.

"ನನ್ನ ಹತ್ರ ಸೊಕ್ಕ ಮಾಡತಿತ್ತು. ನಿನ್ನ ಹತ್ರ ನೋಡ ಹೆಂಗ ಕುಡಿತೈತಿ!"

ಒಂದು ಸಂಜೆ ಅವಳ ದನಿ ಕೇಳಿದ್ದೇ ಕೆಂಚಿ ಹೊರಗೆ ಓಡಿಬಂತು. ಬಾಲ ಎತ್ತಿಕೊಂಡು ನೇರ ಅವಳ ಸೀರೆಯ ನಿರಿಗೆಗೆ.

"ಹುಶ್! ಹೋಗ ಒಳಗ!" ಶೇವಂತಾ ಕಾಲು ಅಪ್ಪಳಿಸಿದಳು. ಮರಿ ಬೆದರಿ ನಿಂತು ಅವಳ ಮುಖವನ್ನೇ ನೋಡಿತು. ಅವಳ ಕಣ್ಣಿಂದ ನೀರು ದಳದಳ ಇಳಿಯಿತು.

"ಶೇವಂತಕ್ಕಾ, ಯಾಕ ಹೆದರಸ್ತಿ ಬೇ?" ಯಾಸ್ಮಿನ ಹೊರಬಂದಳು. "ಸೀನೂದ ಪೂರಾ ನಿಂತೈತಿ. ಎತ್ಕೋ."

ಶೇವಂತಾ ಆಗಲೇ ತನ್ನ ಮನೆಯತ್ತ ತಿರುಗಿದ್ದಳು.

"ಅದನ್ನ ಹಿಡಕೊಂಡಿರು. ತಲಿಮ್ಯಾಲೆ ನೀರ ಹಾಕ್ಕೊಂಡ, ಒಗದ ಸೀರಿ ಉಟ್ಕೊಂಡ ಬರ್ತೀನಿ. ಇವತ್ತ ಹಾಲ ನಾನ ಕುಡಸೂದು."